ಕೈ ನೋಯುವವರಿಗೆ ನಾಯಿಯ ಲೀಶ್: ಎಷ್ಟು ದಪ್ಪ, ಎಷ್ಟು ಉದ್ದ, ಯಾವ ಹುಕ್ಕು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ನನಗೆ 58 ವರ್ಷ. ಎರಡೂ ಕೈಗಳ ಬೆರಳ ಗಂಟುಗಳಲ್ಲಿ ನೋವಿದೆ, ಹೆಬ್ಬೆರಳ ಬುಡದಲ್ಲಿ ಇನ್ನೂ ಹೆಚ್ಚು. ಅಂಗೈ ಚರ್ಮ ಒಣಗಿ ಬಿರಿಯುತ್ತದೆ. ಮನೆಯಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಇದೆ, 30 ಕೆ.ಜಿ. ತೂಗುತ್ತದೆ. ಮುಸ್ಯನನ್ನು ಕಂಡು ಅದು ನುಗ್ಗಿದರೆ ನೈಲಾನ್ ಬೆಲ್ಟ್ ಕೈಯಲ್ಲಿ ಜಾರಿ ಅಂಗೈ ಉರಿಯುತ್ತದೆ. ಚೈನು ಬೆರಳ ಸಂದಿಯನ್ನು ಕಚ್ಚುತ್ತದೆ. ಹತ್ತಿಯ ಮೆತ್ತನೆ ಹಗ್ಗ ತಂದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಕೈಗೆ ಹಿತವಾಗಿಯೂ ಇರಬೇಕು, ನಾಯಿಗೆ ತಡೆಯುವಂತೆಯೂ ಇರಬೇಕು. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಕೈಗೂ ಆ ನಾಯಿಗೂ ಹೊಂದುವುದು ಇದು. ಪಾಲಿಯೆಸ್ಟರ್ ನೂಲಿನಿಂದ ಹೆಣೆದ, 12 ಮಿ.ಮೀ. ದಪ್ಪದ ದುಂಡು ಹಗ್ಗದ ಲೀಶ್, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ. ಉದ್ದ ಒಂದೂವರೆ ಮೀಟರ್. ಹಿಡಿಯುವ ಕಡೆ ಸುಮಾರು 30 ಮಿ.ಮೀ. ದಪ್ಪ ಬರುವಷ್ಟು ಮೆತ್ತೆ ಇರುವ ಕುಣಿಕೆ. ಇನ್ನೊಂದು ತುದಿಗೆ ಅಚ್ಚ ಹಿತ್ತಾಳೆಯ ಟ್ರಿಗರ್ ಹುಕ್ಕು. ಇದರ ಜೊತೆಗೆ, ಎದೆಯ ಮುಂದೆ ರಿಂಗ್ ಇರುವ ಹಾರ್ನೆಸ್, ಅಂದರೆ ನಾಯಿಯ ಎದೆಗೂ ಬೆನ್ನಿಗೂ ಸೇರಿಸಿ ತೊಡಿಸುವ ಪಟ್ಟಿಗಳ ಕಟ್ಟು. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಮೊದಲು ಹಾರ್ನೆಸ್ ತನ್ನಿ. ಕೈಗೆ ಬರುವ ಎಳೆತವನ್ನು ನಾಯಿಯ ಕಡೆಯಲ್ಲೇ ಕಡಿಮೆ ಮಾಡದೆ, ಕೈಯಲ್ಲಿರುವ ತುದಿಗೆ ಎಷ್ಟು ಮೆತ್ತೆ ಸುತ್ತಿದರೂ ಗಂಟುಗಳ ನೋವು ಹೋಗುವುದಿಲ್ಲ.

ಅಂಗಡಿಯಲ್ಲಿ ಲೀಶನ್ನು ಬೆರಳಿನಿಂದ ಸವರಿ ‘ಮೆತ್ತಗಿದೆ’ ಎಂದು ತಂದುಬಿಡುತ್ತೇವೆ. ಸವರಿದಾಗ ಕೈಯ ಮೇಲೆ ಭಾರವೇ ಇರುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಅಂಗೈ ಉರಿದದ್ದು ನೈಲಾನ್ ಒರಟಾಗಿದ್ದಕ್ಕಲ್ಲ, ಮುಷ್ಟಿಯೊಳಗೆ ಅದು ಜಾರಿದ್ದಕ್ಕೆ. ಬಿಗಿ ಹಿಡಿದ ಕೈಯಲ್ಲಿ ಪಟ್ಟಿ ಒಂದು ಗೇಣು ಜಾರಿದರೂ ಉಜ್ಜಾಟದ ಶಾಖಕ್ಕೆ ಚರ್ಮ ಸುಡುತ್ತದೆ. ರೇಷ್ಮೆಯಷ್ಟು ನಯವಾದದ್ದೇ ಹೆಚ್ಚು ಬೇಗ ಜಾರುವುದು. ಚಪ್ಪಟೆ ಪಟ್ಟಿಯಲ್ಲಿ ಇನ್ನೂ ಒಂದು ತೊಂದರೆಯಿದೆ. ಎಳೆತ ಬಂದಾಗ ಪಟ್ಟಿ ಕೈಯಲ್ಲಿ ತಿರುಚಿಕೊಂಡು, ಎರಡು ಮಿ.ಮೀ. ಅಂಚಿನ ಮೇಲೆ ಪೂರ್ತಿ ಭಾರ ಕೂರುತ್ತದೆ. ಬಿರಿದ ಚರ್ಮವನ್ನು ಕುಯ್ಯುವುದು ಆ ಅಂಚು. ದುಂಡು ಹಗ್ಗಕ್ಕೆ ಅಂಚಿಲ್ಲ, ಹೇಗೆ ತಿರುಚಿದರೂ ಅದು ಒಂದೇ ಥರ ಇರುತ್ತದೆ.

ಗಂಟು ನೋಯುವವರಿಗೆ ಇವೆರಡಕ್ಕಿಂತ ಮುಖ್ಯವಾದದ್ದು ಹಿಡಿಯ ದಪ್ಪ. ತೆಳ್ಳಗಿನ ವಸ್ತುವನ್ನು ಹಿಡಿಯಲು ಬೆರಳುಗಳು ಪೂರ್ತಿ ಮಡಚಬೇಕು. ಪೂರ್ತಿ ಮಡಚಿದ ಬೆರಳಿಗೆ ಬಲವೂ ಕಡಿಮೆ, ನೋವೂ ಹೆಚ್ಚು. ಕೈ ಸಲಕರಣೆಗಳ ಹಿಡಿಯನ್ನು 30ರಿಂದ 45 ಮಿ.ಮೀ. ದಪ್ಪಕ್ಕೆ ಮಾಡುವುದು ಇದಕ್ಕಾಗಿಯೇ. ಲೀಶಿನ ಹಿಡಿಯೂ ಆ ಅಳತೆಗೆ ಬಂದರೆ ಅರ್ಧ ಮುಚ್ಚಿದ ಮುಷ್ಟಿಯಲ್ಲೇ ನಾಯಿಯನ್ನು ನಿಲ್ಲಿಸಬಹುದು. ಕುಣಿಕೆಯ ಉದ್ದ 18ರಿಂದ 20 ಸೆಂ.ಮೀ. ಇರಲಿ. ಗ್ಲೌಸ್ ಹಾಕಿದ ಕೈ ಸಲೀಸಾಗಿ ಒಳಗೆ ಹೋಗಬೇಕು, ಅಷ್ಟೇ ಸಲೀಸಾಗಿ ಹೊರಗೂ ಬರಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ರೀತಿ ಹೀಗೆ: ಹಿಡಿಯನ್ನು ಹಗುರವಾಗಿ ಹಿಡಿದುಕೊಂಡು, ಹುಕ್ಕಿನ ಕಡೆಯಿಂದ ಅಂಗಡಿಯವರಿಗೆ ಮೊದಲು ನಿಧಾನವಾಗಿ, ಆಮೇಲೆ ತುಸು ಜೋರಾಗಿ ಎಳೆಯಲು ಹೇಳಿ. ಜಾರುತ್ತದೆಯೇ, ತಿರುಚುತ್ತದೆಯೇ, ಹೊಲಿಗೆಯ ಗಂಟು ಎಲ್ಲಾದರೂ ಅಂಗೈಗೆ ತಾಗುತ್ತದೆಯೇ ನೋಡಿ. ಅಗ್ಗದ ನೈಲಾನ್ ಲೀಶಿನಲ್ಲಿ ಪಟ್ಟಿಯ ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಹಾಗೇ ಬಿಟ್ಟಿರುತ್ತಾರೆ. ಕರಗಿದ ತುದಿ ಗಾಜಿನಂತೆ ಗಟ್ಟಿಯಾಗಿ, ಕುಣಿಕೆಯ ಹೊಲಿಗೆಯ ಪಕ್ಕದಲ್ಲಿ ಚುಚ್ಚುತ್ತದೆ. ಅದನ್ನು ಒಳಕ್ಕೆ ಮಡಚಿ ಹೊಲಿದಿರಬೇಕು.

ಇನ್ನು ಎಳೆತದ ಲೆಕ್ಕ. ನಿಂತಿದ್ದ 30 ಕೆ.ಜಿ. ನಾಯಿ ಒಂದೂವರೆ ಮೀಟರ್ ಸಡಿಲಿನಲ್ಲಿ ನುಗ್ಗಿದರೆ ಲೀಶ್ ಬಿಗಿಯುವ ಹೊತ್ತಿಗೆ ಗಂಟೆಗೆ ಸುಮಾರು 15 ಕಿ.ಮೀ. ವೇಗ ಪಡೆದಿರಬಹುದು. ಆ ವೇಗದ ನಾಯಿ 10 ಸೆಂ.ಮೀ. ಒಳಗೆ ನಿಲ್ಲಬೇಕಾಗಿ ಬಂದರೆ ಲೀಶಿನ ಮೇಲೆ ಸರಾಸರಿ 265 ಕೆ.ಜಿ. ತೂಕ ನೇತು ಹಾಕಿದಷ್ಟು ಬಲ ಬೀಳುತ್ತದೆ. ಅದೇ ನಾಯಿ 50 ಸೆಂ.ಮೀ. ದೂರದಲ್ಲಿ ನಿಧಾನವಾಗಿ ನಿಂತರೆ 53 ಕೆ.ಜಿ. ಮಾತ್ರ. ವಾಸ್ತವದಲ್ಲಿ ನಿಮ್ಮ ತೋಳು, ಸೊಂಟ ಒಂದಿಷ್ಟು ಬಾಗಿ ಕೊಡುವುದರಿಂದ ಬಲ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆ ‘ಬಾಗಿ ಕೊಡುವ’ ಕೆಲಸವನ್ನು ಬೆರಳ ಗಂಟುಗಳು ಮಾಡಬಾರದು. ಚೈನಿನ ದೊಡ್ಡ ದೋಷವೂ ಇದೇ. ಅದು ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ನಾಯಿ ಲೀಶನ್ನು ಕಡಿದು ಹಾಕುತ್ತದೆ ಎಂಬ ಕಾರಣಕ್ಕೆ ಕಟ್ಟಿಹಾಕಲು ಚೈನು ಇಟ್ಟುಕೊಳ್ಳಿ, ನಡೆಸಲು ಬೇಡ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಸಡಿಲು ಕಡಿಮೆಯಾದಷ್ಟೂ ನಾಯಿಗೆ ವೇಗ ಸಿಗುವುದಿಲ್ಲ, ಹಾಗಾಗಿ ಉದ್ದನೆಯ ಲೀಶಿಗಿಂತ ಒಂದೂವರೆ ಮೀಟರ್ ಒಳ್ಳೆಯದು. ಎರಡನೆಯದು, ಲೀಶಿನ ಮಧ್ಯೆ ಹಿಗ್ಗುವ ತುಂಡು ಇದ್ದರೆ ನೋವು ನಿಜಕ್ಕೂ ಇಳಿಯುತ್ತದೆ. ‘ಬಂಗೀ’ ಎಂದು ಮಾರುವ ಈ ಥರದ ಲೀಶ್ ಕೊಳ್ಳುವಾಗ ರಬ್ಬರ್ ಎಳೆ ಒಂದು ಪಟ್ಟಿಯ ಕೊಳವೆಯ ಒಳಗೆ ಇರುವಂಥದ್ದನ್ನೇ ನೋಡಿ. ಪೂರ್ತಿ ಹಿಗ್ಗಿದಾಗ ಭಾರ ಪಟ್ಟಿಯ ಮೇಲೆ ಬೀಳಬೇಕು, ಆಗ ರಬ್ಬರ್ ತುಂಡಾದರೂ ನಾಯಿ ಕೈಬಿಟ್ಟು ಹೋಗುವುದಿಲ್ಲ. ಬರೀ ರಬ್ಬರ್ ಹಗ್ಗ ಬೇಡ. ವಾಹನ ಓಡಾಡುವ ಕಡೆ, ಅಂದರೆ ಹಾಸನದ ಬಿ.ಎಂ. ರಸ್ತೆಯಂಥ ಜಾಗದಲ್ಲಿ, ಆ ಅರ್ಧ ಮೀಟರ್ ಹಿಗ್ಗುವಿಕೆಯೇ ಅಪಾಯ. ಹುಕ್ಕಿನಿಂದ ಸುಮಾರು 30 ಸೆಂ.ಮೀ. ಮೇಲೆ ಎರಡನೆಯ ಹಿಡಿ ಇದ್ದರೆ ರಸ್ತೆ ದಾಟುವಾಗ ಅದನ್ನು ಹಿಡಿದುಕೊಳ್ಳಬಹುದು. ನಾಯಿಯ ಮೂತಿಗೆ ಹಾಕುವ ಹೆಡ್ ಹಾಲ್ಟರ್ ಜೊತೆ ಬಂಗೀ ಲೀಶನ್ನು ಎಂದೂ ಜೋಡಿಸಬೇಡಿ, ಕತ್ತು ಉಳುಕುತ್ತದೆ.

ಸ್ಪ್ರಿಂಗಿನಿಂದ ತಾನೇ ಡಬ್ಬಿಯೊಳಕ್ಕೆ ಸುತ್ತಿಕೊಳ್ಳುವ, ಬಟನ್ ಒತ್ತಿ ತಡೆಯಬೇಕಾದ ಲೀಶ್ ನಿಮಗೆ ಖಂಡಿತ ಬೇಡ. ಪ್ಲಾಸ್ಟಿಕ್ ಡಬ್ಬಿ ಭಾರ, ಬಟನ್ ಅನ್ನು ಹೆಬ್ಬೆರಳಿನಿಂದಲೇ ಒತ್ತಿ ಹಿಡಿಯಬೇಕು, ನಿಮ್ಮ ನೋವು ಇರುವುದೂ ಅಲ್ಲೇ. ಅದರ ಸಣ್ಣ ದಾರ ಕೈಗೆ ಸುತ್ತಿ ಬೆರಳು ಆಳವಾಗಿ ಕೊಯ್ದ, ತುಂಡಾದ ಪ್ರಕರಣಗಳೂ ವೈದ್ಯರ ದಾಖಲೆಗಳಲ್ಲಿವೆ. ಸ್ಪ್ರಿಂಗ್ ಸದಾ ಎಳೆಯುತ್ತಲೇ ಇರುವುದರಿಂದ, ಎಳೆದರೆ ಉದ್ದ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ.

ಹಾರ್ನೆಸ್ ಕೆಲಸ ಮಾಡುವ ರೀತಿ ಸರಳ. ರಿಂಗ್ ಬೆನ್ನ ಮೇಲಿದ್ದರೆ ನಾಯಿ ಎದೆಯ ಪೂರ್ತಿ ಬಲ ಹಾಕಿ ನೇರ ಎಳೆಯಬಲ್ಲದು. ಎದೆಯ ಮುಂದಿದ್ದರೆ ಎಳೆದೊಡನೆ ಮೈ ಪಕ್ಕಕ್ಕೆ ತಿರುಗುತ್ತದೆ, ಮುಂದೆ ಹೋಗುವ ಬಲ ಮುರಿಯುತ್ತದೆ. ಮುಂದಿನಿಂದ ನೋಡಿದರೆ ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವ, ಭುಜದ ಕೀಲಿನ ಮೇಲೆ ಪಟ್ಟಿ ಅಡ್ಡ ಬಾರದ ಹಾರ್ನೆಸ್ ಆರಿಸಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಕಂಕುಳಲ್ಲಿ ಉಜ್ಜುತ್ತಿದ್ದರೆ ಕೂದಲು ಉದುರಿ ಚರ್ಮ ಕೆಂಪಾಗುತ್ತದೆ, ಮೊದಲ ವಾರ ದಿನವೂ ನೋಡಿ. ಎರಡು ತುದಿಗೂ ಹುಕ್ಕು ಇರುವ ಎರಡು ಮೀಟರಿನ ಲೀಶ್ ಸಿಕ್ಕರೆ ಒಂದನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಹಾಕಿ ಎರಡು ಕೈಯಲ್ಲಿ ಭಾರ ಹಂಚಿಕೊಳ್ಳಬಹುದು. ಮುಧೋಳ ನಾಯಿ ಸಾಕಿದವರಿಗೂ ಹಾರ್ನೆಸ್ಸೇ ಸರಿ. ಅದರ ತಲೆ ಕಿರಿದು, ಕತ್ತು ಉದ್ದ, ಮಾಮೂಲಿ ಕತ್ತಿನ ಬೆಲ್ಟ್ ಹಿಂದಕ್ಕೆ ಜಗ್ಗಿದರೆ ಕಳಚಿಬಿಡುತ್ತದೆ.

ಗಟ್ಟಿತನದ ಮಾತಿಗೆ ಬಂದರೆ, 20-25 ಮಿ.ಮೀ. ನೈಲಾನ್ ಪಟ್ಟಿಯಾಗಲಿ 12 ಮಿ.ಮೀ. ಹಗ್ಗವಾಗಲಿ ಹೊಸದಿದ್ದಾಗ ನಾಯಿಯ ಎಳೆತಕ್ಕೆ ನಡುವೆ ಹರಿಯುವುದಿಲ್ಲ. ಬಿಟ್ಟುಕೊಡುವುದು ಹುಕ್ಕು, ಇಲ್ಲವೇ ಹುಕ್ಕಿನ ಬಳಿಯ ಹೊಲಿಗೆ. ದುಡ್ಡು ಹಾಕಬೇಕಾದದ್ದು ಅಲ್ಲಿ. ಪಳಪಳ ಹೊಳೆಯುವ ಅಗ್ಗದ ಹುಕ್ಕು ಹೆಚ್ಚಾಗಿ ಸತುವಿನ ಎರಕದ್ದು, ಮೇಲೆ ನಿಕಲ್ ಲೇಪ. ಅದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಅದರಿಂದ ಮುನ್ಸೂಚನೆಯೇ ಸಿಗುವುದಿಲ್ಲ. ಗುರುತಿಸಲು ಆಯಸ್ಕಾಂತ ಸಾಲದು. ಹಿತ್ತಾಳೆಗೂ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ. ಹುಕ್ಕಿನ ಕಾಣದ ಜಾಗದಲ್ಲಿ ಅರದಿಂದ ಒಂದು ಗೀರು ಹಾಕಿ. ಒಳಗೂ ಹಳದಿಯಿದ್ದರೆ ಹಿತ್ತಾಳೆ, ಬೂದುಬಿಳುಪು ಕಂಡರೆ ಸತು. ಕೊಳ್ಳುವ ಮೊದಲು ಅಂಗಡಿಯವರು ಗೀರಲು ಬಿಡಲಿಕ್ಕಿಲ್ಲ, ಆಗ ತೂಕ ನೋಡಿ. ಅದೇ ಗಾತ್ರದ ಹಿತ್ತಾಳೆ ಕೈಗೆ ಸ್ಪಷ್ಟವಾಗಿ ಹೆಚ್ಚು ಭಾರ. ಸ್ಟೇನ್‌ಲೆಸ್ ಸ್ಟೀಲ್ ಹುಕ್ಕೂ ಒಳ್ಳೆಯದೇ, ಮಲೆನಾಡಿನ ಮಳೆಗೆ ತುಕ್ಕು ಹಿಡಿಯುವುದಿಲ್ಲ.

ಹುಕ್ಕಿನ ಆಕಾರವನ್ನೂ ನಿಮ್ಮ ಕೈಯೇ ನಿರ್ಧರಿಸಬೇಕು. ಸಣ್ಣ ಗುಂಡಿಯನ್ನು ಹೆಬ್ಬೆರಳ ಉಗುರಿನಿಂದ ಹಿಂದಕ್ಕೆ ಜಾರಿಸುವ ಬೋಲ್ಟ್ ಹುಕ್ಕು ಗಟ್ಟಿ, ಆದರೆ ಚಳಿಗಾಲದ ಬೆಳಗ್ಗೆ ಸೆಟೆದ ಹೆಬ್ಬೆರಳಿಗೆ ಅದು ಹಿಂಸೆ. ಅಗಲವಾದ ನಾಲಿಗೆಯನ್ನು ಒಳಕ್ಕೆ ಒತ್ತಿದರೆ ತೆರೆಯುವ ಟ್ರಿಗರ್ ಹುಕ್ಕನ್ನು ತೋರುಬೆರಳ ಬದಿಯಿಂದಲೇ ತೆರೆಯಬಹುದು. ಹುಕ್ಕಿನ ಬುಡ ಸುತ್ತಲೂ ತಿರುಗುವಂತಿರಬೇಕು. ಇಲ್ಲದಿದ್ದರೆ ನಾಯಿ ತಿರುಗಿದಂತೆಲ್ಲ ಹಗ್ಗ ಹುರಿಗೊಂಡು ಕೈಯಲ್ಲಿ ಹೊರಳುತ್ತದೆ. ಹೊಲಿಗೆ ಚೌಕದೊಳಗೆ ಗುಣಿಸು ಗುರುತು ಹಾಕಿದಂತೆ ಇರಲಿ, ಒಂದೇ ಸಾಲಿನ ಹೊಲಿಗೆಯ ಒಂದು ನೂಲು ಕಡಿದರೆ ಉಳಿದದ್ದೂ ಬಿಚ್ಚುತ್ತಾ ಹೋಗುತ್ತದೆ. ಮನೆಗೆ ತಂದ ಮೇಲೆ ಗಟ್ಟಿ ತೊಲೆಗೆ ಹುಕ್ಕು ಸಿಕ್ಕಿಸಿ, ಹಿಡಿಗೆ 50 ಕೆ.ಜಿ. ಕಾಫಿ ಮೂಟೆಯನ್ನು ನೆಲದಿಂದ ಒಂದು ಗೇಣಷ್ಟೇ ಮೇಲೆ ಐದು ನಿಮಿಷ ತೂಗುಹಾಕಿ. ಕೆಳಗೆ ಕಾಲಿಡಬೇಡಿ. ಹೊಲಿಗೆಯ ತೂತುಗಳು ಹಿಗ್ಗಿದ್ದರೆ, ಹುಕ್ಕಿನ ಬಾಯಿ ಸರಿಯಾಗಿ ಮುಚ್ಚದಿದ್ದರೆ ಹಿಂತಿರುಗಿಸಿ. ಈ ಪರೀಕ್ಷೆ ದಿಢೀರ್ ಎಳೆತಕ್ಕೆ ಸಮವಲ್ಲ, ಆದರೂ ಕಳಪೆ ಮಾಲು ಇಲ್ಲೇ ಸಿಕ್ಕಿಬೀಳುತ್ತದೆ.

ಪಾಲಿಯೆಸ್ಟರನ್ನೇ ಯಾಕೆ ಹೇಳಿದೆ ಎಂದರೆ, ಅದು ನೀರು ಹೀರುವುದು ತೀರಾ ಕಡಿಮೆ. ನೈಲಾನ್ ಸ್ವಲ್ಪ ಹೀರುತ್ತದೆ, ಒದ್ದೆಯಾದಾಗ ಹಿಗ್ಗುತ್ತದೆ. ಹತ್ತಿ ಕೈಗೆ ಎಲ್ಲಕ್ಕಿಂತ ಹಿತ, ಒದ್ದೆಯಾದರೂ ಬಲ ಕಳೆದುಕೊಳ್ಳುವುದಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಊರಿನಲ್ಲಿ ಒಣಗುವುದೇ ಇಲ್ಲ. ಒಣಗದ ಹತ್ತಿಗೆ ಬೂಷ್ಟು ಬಂದು ನೂಲು ಒಳಗೇ ಕೊಳೆಯುತ್ತದೆ. ಹಾಸನ, ಅರಸೀಕೆರೆ ಕಡೆಯ ಒಣ ಸೀಮೆಯವರು ಧಾರಾಳವಾಗಿ ಹತ್ತಿಯ ಲೀಶ್ ಬಳಸಬಹುದು. ಅಂಗಡಿಗಳಲ್ಲಿ ಬಣ್ಣಬಣ್ಣದ್ದಾಗಿ ನೇತು ಹಾಕಿರುವ ಹಗುರ, ಅಗ್ಗದ ಹಗ್ಗ ಪಾಲಿಪ್ರೊಪಿಲೀನ್. ಬಿಸಿಲಿಗೆ ಅದರ ಎಳೆಗಳು ಮುರಿದು ಮುಳ್ಳಿನಂತೆ ಏಳುತ್ತವೆ, ಬಿರಿದ ಕೈಗೆ ಅದು ಕೂಡದು. ಪಾಲಿಯೆಸ್ಟರ್ ಪಟ್ಟಿಗೆ ಪ್ಲಾಸ್ಟಿಕ್ ಲೇಪ ಹಾಕಿದ ಬಯೋಥೇನ್ ಮಳೆ, ಕೆಸರು, ಸಗಣಿ ಎಲ್ಲಕ್ಕೂ ಜಗ್ಗುವುದಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹೊಳೆಯುವ ನಮೂನೆ ಒದ್ದೆಯಾದರೆ ಜಾರುತ್ತದೆ, ಕೊಳ್ಳುವುದಾದರೆ ಮಂಕು ಮೈಯಿನದ್ದು ಕೊಂಡು ಹಿಡಿಗೆ ಬೇರೆ ಮೆತ್ತೆ ಹಾಕಿಸಿ.

ಚರ್ಮದ ಲೀಶ್ ಬೇಸಿಗೆಗೆ ಬಲು ಚೆನ್ನ. ಬಳಸಿದಷ್ಟೂ ಪಳಗಿ ಕೈಯ ಆಕಾರಕ್ಕೆ ಬರುತ್ತದೆ, ಜಾರುವುದೂ ಕಡಿಮೆ. ಆದರೆ ಎಲ್ಲ ಚರ್ಮವೂ ಒಂದೇ ಅಲ್ಲ. ತಂಗಡಿಯಂಥ ತೊಗಟೆಯ ಒಗರಿನಲ್ಲಿ ಹದ ಮಾಡಿದ್ದರ ಕತ್ತರಿಸಿದ ಅಂಚು ಒಳಗೂ ಕಂದು ಬಣ್ಣ. ಕ್ರೋಮ್ ಹದದ್ದಾದರೆ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದಾದರೆ, ಅಂಚಿನ ನಡುವೆ ನೀಲಿ-ಬೂದು ಗೆರೆ ಕಾಣುವುದುಂಟು. ಚರ್ಮಕ್ಕೆ ಕ್ರೋಮ್ ಒಗ್ಗದವರಿಗೆ ಎರಡನೆಯದರಿಂದ ತುರಿಕೆ, ಬಿರುಕು ಬರುತ್ತದೆ. ನಿಮ್ಮ ಅಂಗೈ ಬಿರಿಯುವುದಕ್ಕೆ ಲೀಶೇ ಕಾರಣವೋ ಎಂದು ಒಮ್ಮೆ ಯೋಚಿಸಿ. ನಿಕಲ್ ಲೇಪದ ಹುಕ್ಕು, ಹಿಡಿಗೆ ಹಾಕುವ ನಿಯೋಪ್ರೀನ್ ರಬ್ಬರ್ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಲೀಶ್ ಹಿಡಿಯುವ ಕೈಯಲ್ಲಿ ಮಾತ್ರ ಬಿರುಕು ಹೆಚ್ಚಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್, ಅಂದರೆ ಯಾವ ವಸ್ತು ಚರ್ಮಕ್ಕೆ ಒಗ್ಗುವುದಿಲ್ಲ ಎಂದು ನೋಡುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು. ಮುಂಗಾರಿಗೆ ಮುಂಚೆ ಚರ್ಮದ ಲೀಶಿಗೆ ಜೇನುಮೇಣ ತೆಳುವಾಗಿ ಉಜ್ಜಿ ಗಾಳಿಯಾಡುವ ಕಡೆ ನೇತು ಹಾಕಿ. ಒದ್ದೆಯಾದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಶಾಖಕ್ಕೆ ಚರ್ಮ ಸೆಟೆದು ಸೀಳುತ್ತದೆ.

ಹೊಸದು ಕೊಳ್ಳುವವರೆಗೆ, ನಿಮ್ಮ ಹಳೆಯ ನೈಲಾನ್ ಬೆಲ್ಟಿನ ಹಿಡಿಯನ್ನೇ ಸರಿಮಾಡಬಹುದು. ಏಸಿ, ಫ್ರಿಜ್ ರಿಪೇರಿಯವರ ಬಳಿ ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸಿಗುತ್ತದೆ. ಒಳಗಿನ ತೂತು 12 ಮಿ.ಮೀ., ಗೋಡೆ 9 ಮಿ.ಮೀ. ಇರುವುದನ್ನು ಕೇಳಿ, ಹೊರಗಿನ ದಪ್ಪ ಸರಿಯಾಗಿ 30 ಮಿ.ಮೀ. ಆಗುತ್ತದೆ. 12 ಸೆಂ.ಮೀ. ತುಂಡು ಮಾಡಿ ಉದ್ದಕ್ಕೆ ಸೀಳಿ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಅದರೊಳಗೆ ಕೂರಿಸಿ, ಸೀಳು ಅಂಗೈಗೆ ಬಾರದಂತೆ ಕುಣಿಕೆಯ ಒಳಗಡೆಗೋ ಹೊರಗಡೆಗೋ ಅಲ್ಲ, ಪಕ್ಕಕ್ಕೆ ತಿರುಗಿಸಿ. ಮೇಲೆ ಹಳೆಯ ಹತ್ತಿ ಸೀರೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಎರಡೂ ತುದಿಯನ್ನು ಚಪ್ಪಲಿ ಹೊಲಿಯುವವರಲ್ಲಿ ಮೇಣದ ದಾರದಿಂದ ಪಟ್ಟಿಗೇ ಸೇರಿಸಿ ಹೊಲಿಸಿ. ಬರೀ ಗಮ್ ಟೇಪ್ ಸುತ್ತಿದರೆ ಒಂದೇ ಎಳೆತಕ್ಕೆ ಮೆತ್ತೆ ಜಾರಿ ಕೈಯಿಂದ ಆಚೆ ಹೋಗುತ್ತದೆ. ಹತ್ತಿ ಸುತ್ತನ್ನು ಕೊಳೆಯಾದಾಗ ಬದಲಿಸಿ.

ಹಿಡಿಯುವ ರೀತಿ ತಪ್ಪಿದರೆ ಒಳ್ಳೆಯ ಲೀಶೂ ನೋಯಿಸುತ್ತದೆ. ಕುಣಿಕೆಯೊಳಗೆ ಹೆಬ್ಬೆರಳು ಸಿಕ್ಕಿಸಿ ಮುಷ್ಟಿ ಮುಚ್ಚುವುದನ್ನು ತರಬೇತುದಾರರು ಹೇಳಿಕೊಡುತ್ತಾರೆ. ಅದು ಗಟ್ಟಿ ಹಿಡಿತ, ನಿಜ. ನಿಮಗೆ ಮಾತ್ರ ಬೇಡ, ಎಳೆತವೆಲ್ಲ ಹೆಬ್ಬೆರಳ ಬುಡಕ್ಕೇ ಹೋಗುತ್ತದೆ. ಹಿಡಿಯನ್ನು ನಾಲ್ಕು ಬೆರಳುಗಳ ಬುಡದ ಮೇಲೆ ಅಡ್ಡಲಾಗಿ ಇಟ್ಟು, ಮಣಿಕಟ್ಟು ನೇರವಾಗಿಟ್ಟುಕೊಂಡು, ಮೊಣಕೈಯನ್ನು ಪಕ್ಕೆಗೆ ಒರಗಿಸಿ. ಇನ್ನೊಂದು ಕೈ ಹಗ್ಗದ ನಡುವೆ ಬರೀ ದಾರಿ ತೋರಿಸಲು. ಕೈಗೆ, ಬೆರಳಿಗೆ, ಮಣಿಕಟ್ಟಿಗೆ ಹಗ್ಗ ಸುತ್ತುವುದು ಯಾರಿಗೂ ಸಲ್ಲದು, ಬಿಡಬೇಕಾದಾಗ ಬಿಡಲಾಗದೆ ಬೆರಳು ಮುರಿಯುತ್ತದೆ. ಅರ್ಧ ಬೆರಳಿನ, ಅಂಗೈಗೆ ಮೆತ್ತೆ ಇರುವ ಸೈಕಲ್ ಗ್ಲೌಸ್ ನಿಮಗೆ ತುಂಬ ಉಪಯೋಗ. ಬಿರಿದ ಕೈಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವುದನ್ನು ರಾತ್ರಿಗೆ ಇಟ್ಟುಕೊಳ್ಳಿ. ಎಣ್ಣೆ ಕೈಯಲ್ಲಿ ಯಾವ ಹಗ್ಗವೂ ನಿಲ್ಲುವುದಿಲ್ಲ. ಬೆಳಗ್ಗೆ ಗಂಟುಗಳು ಬಿಗಿದಿರುವಾಗ ಹೊರಡದೆ, ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳು ಸಡಿಲವಾದ ಮೇಲೆ ಹೊರಡಿ. ಆ ಬಿಗಿತ ಒಂದು ಗಂಟೆಗೂ ಮೀರಿ ಉಳಿಯುತ್ತಿದ್ದರೆ ಆಮವಾತವಿದೆಯೇ ಎಂದು ವೈದ್ಯರಿಗೆ ತೋರಿಸಬೇಕು.

ಸೊಂಟಕ್ಕೆ ಕಟ್ಟುವ ಬೆಲ್ಟ್ ಬಗ್ಗೆ ಹಲವರು ಹೇಳಬಹುದು. ಸಮತಟ್ಟಾದ ರಸ್ತೆಯಲ್ಲಿ, ಕಾಲು ಗಟ್ಟಿಯಿರುವವರಿಗೆ ಅದು ಕೈಗೆ ಪೂರ್ತಿ ವಿಶ್ರಾಂತಿ. ತೋಟದ ಇಳಿಜಾರಿನಲ್ಲಿ, ಪಾಚಿ ಹಿಡಿದ ಕಲ್ಲಿನ ಮೇಲೆ 30 ಕೆ.ಜಿ. ನಾಯಿ ಸೊಂಟದಿಂದ ಎಳೆದರೆ ಮನುಷ್ಯರು ಮುಖ ಕೆಳಗಾಗಿ ಬೀಳುತ್ತಾರೆ. 58ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದು ಬೆರಳ ನೋವಿಗಿಂತ ಬಹಳ ದೊಡ್ಡದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗಗಳಲ್ಲಿ ಕಾಡಾನೆ ಓಡಾಟವೂ ಇದೆ. ಆನೆ ಕಂಡು ಬೊಗಳಿದ ನಾಯಿ ಹೆದರಿ ಓಡಿ ಬರುವುದು ಯಜಮಾನರ ಹತ್ತಿರಕ್ಕೇ, ಹಿಂದೆ ಆನೆಯೂ ಬರುತ್ತದೆ. ಅಲ್ಲಿ ಮೈಗೆ ಕಟ್ಟಿಕೊಂಡ ಲೀಶ್ ಇರಬಾರದು, ಹತ್ತು ಮೀಟರಿನ ಉದ್ದ ಹಗ್ಗವೂ ಬೇಡ. ಮುಂಜಾನೆ, ಮುಸ್ಸಂಜೆ ಬಿಟ್ಟು ಬೆಳಕಿರುವಾಗ, ಮನೆಯ ಹತ್ತಿರವೇ, ಗಿಡ್ಡ ಲೀಶಿನಲ್ಲಿ ನಡೆಸಿ. ಪೊದೆಯಲ್ಲಿ ಎಳೆದಾಡಿದ ಹಗ್ಗಕ್ಕೆ ಉಣ್ಣೆಗಳು ಹತ್ತಿಕೊಳ್ಳುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕಾಡಂಚಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. ಬಂದೊಡನೆ ಲೀಶನ್ನು ಸೋಪು ನೀರಿನಲ್ಲಿ ತೊಳೆದು, ಮನೆಯೊಳಗಲ್ಲದೆ ಹೊರಗಿನ ಜಗಲಿಯಲ್ಲಿ ನೇತು ಹಾಕಿ.

ತಿಂಗಳಿಗೊಮ್ಮೆ ಲೀಶನ್ನು ಹಗಲು ಬೆಳಕಿನಲ್ಲಿ ಕೈಯಲ್ಲಿ ಹಿಡಿದು ತುದಿಯಿಂದ ತುದಿಗೆ ಒತ್ತುತ್ತಾ ಬನ್ನಿ. ಹಗ್ಗ ಎಲ್ಲಾದರೂ ಚಪ್ಪಟೆಯಾಗಿದ್ದರೆ ಒಳಗಿನ ಎಳೆ ಹೋಗಿದೆ. ಗಟ್ಟಿ ಗಂಟಿನಂತೆ ಸಿಕ್ಕರೆ ಉಜ್ಜಿ ಕರಗಿದೆ. ಚರ್ಮವನ್ನು ಹಿಮ್ಮುಖವಾಗಿ ಬಗ್ಗಿಸಿ, ಸಣ್ಣ ಸೀಳುಗಳು ಬಾಯಿಬಿಟ್ಟರೆ ಆಯುಸ್ಸು ಮುಗಿದಿದೆ. ಹಲ್ಲಿನ ಗುರುತು ಅಗಲದ ಕಾಲು ಭಾಗ ದಾಟಿದರೆ ಪಟ್ಟಿಯನ್ನು ಹೊಲಿಸಲು ಹೋಗಬೇಡಿ, ಬದಲಿಸಿ. ಹುಕ್ಕಿನ ನಾಲಿಗೆಯನ್ನು ಒತ್ತಿ ಬಿಟ್ಟರೆ ತಾನೇ ಟಕ್ಕೆಂದು ಮುಚ್ಚಬೇಕು. ಮಣ್ಣು ಸಿಕ್ಕಿ ನಿಧಾನವಾಗಿದ್ದರೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ಆಮೇಲೂ ಅರ್ಧಕ್ಕೆ ನಿಂತರೆ ಹುಕ್ಕನ್ನು ಮಾತ್ರ ಬಿಚ್ಚಿಸಿ ಹೊಸದು ಹಾಕಿಸಿ, ಹಗ್ಗ ಸರಿಯಿದ್ದರೆ ಅದನ್ನೇ ಮುಂದುವರಿಸಬಹುದು.